ಶಿವರುದ್ರಪ್ಪನವರ ಕೇಳುವ ಕಲೆ

"ನೂರಕ್ಕ ನೂರು ತಗೊಳ್ಳಲಿಲ್ಲ ಅಂದ್ರ ನನ್ನ ಹೆಸರು ಶಿವರುದ್ರಪ್ಪನ ಅಲ್ಲ!"

ನಿಗಡಿ ಕಾಲೊನಿಯ ಮನೆಯಲ್ಲಿ ಭಾನುವಾರ ಬೆಳಿಗ್ಗೆ ಈ ಭೀಷ್ಮಪ್ರತಿಜ್ಞೆ ಮೊಳಗಿತು. ಫೋನಿನ ತಂತಿಯಲ್ಲಿ ಇಂಟರ್ನೆಟ್ಟು ಕುಂಯ್ ಕುಂಯ್ ಎಂದು ಅಳುತ್ತ ಬರುತ್ತಿದ್ದ ಕಾಲ ಅದು. ಶಿವರುದ್ರಪ್ಪನವರು ದುಡಿಯುತ್ತಿದ್ದ ದೊಡ್ಡ ಕಂಪನಿಗೆ ಹೊಸ ಹುಚ್ಚು ಹಿಡಿದಿತ್ತು. ಇನ್ನು ಮೇಲೆ ನೌಕರರ ಟ್ರೇನಿಂಗೆಲ್ಲ ಕಂಪ್ಯೂಟರಿನಲ್ಲೇ! ಹಾಲ್ ಇಲ್ಲ, ಮಾಸ್ತರಿಲ್ಲ, ನಡುವೆ ಬಟಾಟೆ ವಡಾ ಅಂತೂ ಇಲ್ಲವೇ ಇಲ್ಲ. ವಡಾ ಹೋದ ದುಃಖ ನುಂಗಿಕೊಂಡು, ಇಸ್ತ್ರಿ ಅಂಗಿ ತೊಟ್ಟು, ಅವರು ಮಗಳ ಕಂಪ್ಯೂಟರಿನ ಮುಂದೆ ಕೂತರು. ಪಾಠದ ಹೆಸರು: 'ಇನ್ನೊಬ್ಬರ ಮಾತು ಕೇಳುವ ಕಲೆ'.

"ರೀ, ಒಂದ ಮಾತು," ಎಂದು ಹೆಂಡತಿ ಕಲ್ಲವ್ವ ಬಂದಳು.

"ಸುಮ್ಮನಿರು! ನಾ ಕೇಳೋದು ಕಲಿಯಾಕತ್ತೀನಿ!" ಎಂದವರೇ ಹೆಡ್‌ಫೋನ್ ಏರಿಸಿಕೊಂಡರು.

ಕಲ್ಲವ್ವನ ಮಾತು ಹೊಸದೇನಲ್ಲ. ಬಿಜಾಪುರ ಕಡೆಯ ಹೆಣ್ಣು; ಸಮುದ್ರ ನೋಡಿದ್ದು ಕ್ಯಾಲೆಂಡರಿನಲ್ಲಿ ಮಾತ್ರ. ಸಮುದ್ರ ತೋರಿಸಿ ಎಂದು ಮದುವೆಯಾದಾಗಿನಿಂದ ಕೇಳುತ್ತಿದ್ದಳು. "ಮುಂದಿನ ವರ್ಷ ನೋಡೋಣು" ಎಂಬ ಉತ್ತರವೂ ಆಗಿನಿಂದಲೇ ಸಿಗುತ್ತಿತ್ತು. ಈಗ ಕಾಲೊನಿಯ ಕೆಲವು ಹೆಂಗಸರು ಸಮುದ್ರದಂಡೆಯ ಗಣಪತಿಪುಳೆಗೆ ಬಸ್ಸು ಗೊತ್ತುಮಾಡಿದ್ದರು. ಹೆಸರು ಕೊಡಲು ಇವತ್ತೇ ಕಡೆಯ ದಿನ. ಈ ಸಲವೂ ತಪ್ಪಿತಲ್ಲ ಎಂದು ಅವಳಿಗೆ ಅಳುವೇ ಬಂತು.

ಅಷ್ಟರಲ್ಲಿ ಹೆಡ್‌ಫೋನಿನೊಳಗಿನ ಹೆಣ್ಣುದನಿ ಅಪ್ಪಣೆ ಕೊಡಿಸಿತು: ಎದುರಿಗಿದ್ದವರಿಗೆ ಧೈರ್ಯ ಕೊಡುವ ಮಾತುಗಳನ್ನು ನಿಮ್ಮ ಮನೆಮಾತಿನಲ್ಲೇ ಗಟ್ಟಿಯಾಗಿ ಹೇಳಿ ಅಭ್ಯಾಸ ಮಾಡಿ!

ಶಿವರುದ್ರಪ್ಪನವರು ಕಂಪ್ಯೂಟರಿಗೆ ತಲೆಯಾಡಿಸಿ ಗುಡುಗಿದರು: "ಹೇಳ್ರಿ, ನಿಮ್ಮ ಮನಸ್ಸಿನ್ಯಾಗ ಏನದ?"

ಅಡುಗೆಮನೆಗೆ ಹೊರಟಿದ್ದ ಕಲ್ಲವ್ವ ಗಕ್ಕನೆ ನಿಂತಳು.

"ಗಣಪತಿಪುಳೆಗೆ ಹೋಗಿ ಬರ್ಲೇನ್ರೀ?"

"ನಿಮ್ಮ ಸಂಕಟ ನನಗ ತಿಳೀತದರಿ!"

"ನಾಕು ದಿನ ಅಡಗಿ ನೀವ ಮಾಡ್ಕೋಬೇಕಾಗ್ತದ."

"ನೀವು ಹೇಳೋದು ಅಗದೀ ಬರೋಬ್ಬರಿ!"

"ಹಂಗಾರ ಹೆಸರು ಕೊಟ್ಟು ಬರ್ಲಿ?"

"ಹೂಂ! ಈಗಿಂದೀಗ ಆಗ್ಲಿರಿ!"

ಕಲ್ಲವ್ವ ಚಪ್ಪಲಿ ಮೆಟ್ಟಿ ಹೊರಟೇಬಿಟ್ಟಳು.

ಮಧ್ಯಾಹ್ನಕ್ಕೆ ಪರೀಕ್ಷೆ ಮುಗಿಯಿತು. ನೂರಕ್ಕೆ ನೂರು! ಮೀಸೆ ತಿರುವುತ್ತ ಎದ್ದು ಬಾಗಿಲು ತೆಗೆದರೆ, ಕಾಲೊನಿಯ ಗಂಡಸರ ದಂಡೇ ನಿಂತಿದೆ! ಎಲ್ಲರ ಮುಂದೆ ಪಕ್ಕದ ಮನೆಯ, ಸೋಲಾಪುರ ಕಡೆಯ ದಿಗಂಬರರಾಯರು.

"ಎಂಥಾ ಕೆಲಸಾ ಮಾಡಿದ್ರಿ ಮಾರಾಯ್ರ! 'ಶಿವರುದ್ರಪ್ಪನಂಥಾವ್ರು ಹೂಂ ಅಂದಾರ, ನಿಮಗೇನ ಧಾಡಿ?' ಅಂತ ನಮ್ಮನಿ ಹೆಂಗಸರೂ ಹೆಸರು ಕೊಟ್ಟು ಬಂದಾರ. ಈಗ ನಾಕು ದಿನ ನಮಗೆಲ್ಲಾ ನೀವ ಊಟಕ್ಕ ಹಾಕ್ರಿ!"

ಸ್ವಂತ ಚಹಾ ಕಾಸಲೂ ಬಾರದ ಶಿವರುದ್ರಪ್ಪನವರು ಬಾಗಿಲ ಚೌಕಟ್ಟು ಹಿಡಿದುಕೊಂಡರು. ಏನಾಗಿದೆಯೆಂದು ಈಗ ಹೊಳೆಯಿತು. ಅವರನ್ನೆಲ್ಲ ಹೇಗೋ ಸಾಗಹಾಕಿ ಒಳಗೆ ಓಡಿದರೆ, ಕಲ್ಲವ್ವ ಗುನುಗುತ್ತ ಚೀಲ ತುಂಬುತ್ತಿದ್ದಾಳೆ! ಆ ಮುಖದಲ್ಲಿ ಅಂಥ ನಗು ನೋಡಿ ಎಷ್ಟು ಕಾಲವಾಗಿತ್ತೋ. ಆದರೂ ನಾಲ್ಕು ದಿನದ ಹೊಟ್ಟೆಯ ಪ್ರಶ್ನೆ!

"ಕಲ್ಲವ್ವಾ, ನಾ ಮುಂಜಾನೆ ಅಂದದ್ದು..." ಅವರು ತೊದಲಿದರು. "ನಿನಗಲ್ಲ. ಕಂಪ್ಯೂಟರಿಗೆ."

ಕಲ್ಲವ್ವ ಚೀಲದ ಜಿಪ್ಪು ಸರ್ರನೆ ಎಳೆದಳು.

"ಗೊತ್ತದರೀ. ನನಗ ನೀವು ಯಾವಾಗರ 'ಹೇಳ್ರಿ' ಅಂದೀರೇನು? ನಿಮ್ಮ ಕಿವಿ ತೆರೆದಿದ್ದಾಗ ಮದುವ್ಯಾದಾಗಿಂದ ಕೇಳಿ ಕೇಳಿ ಸಾಕಾತು. ಮುಚ್ಚಿದಾಗ ಒಂದ ಸಲ ಕೇಳಿದೆ, ಹೂಂ ಅಂದ್ರಿ!"