ಫಿಂಟನ್ ಗೇಗನ್‌ನ ಬೀಳ್ಕೊಡುಗೆ

ಎಲ್ಲಕ್ಕೂ ಕಾರಣವಾದದ್ದು ಸೋಡಾ ಬ್ರೆಡ್ಡು.

ಫಿಂಟನ್ ಗೇಗನ್ ಆ ಬೆಳಿಗ್ಗೆ ಅಟ್ರಾಕ್ಟಾಳ ಅಂಗಡಿಗೆ ಹೋದದ್ದು ಹಾಲಿಗೂ ಪೇಪರಿಗೂ ಅಷ್ಟೆ. ಅಟ್ರಾಕ್ಟಾ ಹ್ಯಾಮ್ ಕತ್ತರಿಸುತ್ತಾ, ತಲೆಯೆತ್ತದೆ, "ಮುಂದಿನ ತಿಂಗಳು ಸೋಡಾ ಬ್ರೆಡ್ ಸ್ಪರ್ಧೆ. ಈ ಸಲ ನೀವೇ ತೀರ್ಪು ಕೊಡ್ಬೇಕು ಅಂತ ಕಮಿಟಿ ತೀರ್ಮಾನ ಮಾಡಿದೆ" ಎಂದಳು. ಕಮಿಟಿ ಎಂದರೆ ಅಟ್ರಾಕ್ಟಾ ಒಬ್ಬಳೇ ಎಂಬುದು ಕಿಲ್‌ಫಾರ್ನ ಊರಿನ ಹಸುಗಳಿಗೂ ಗೊತ್ತು.

ಹೋದ ವರ್ಷ ತೀರ್ಪು ಕೊಟ್ಟವರು ನಿವೃತ್ತ ಹೆಡ್‌ಮೇಷ್ಟ್ರು. ಊರಿನ ಡೀಲಿಯಾ ಮನೆಯಲ್ಲಿ ಅಡುಗೆ ಸೋಡಾ ಹಾಕಿ ಬೇಯಿಸಿದ ಬ್ರೆಡ್ಡಿಗೆ ಮೊದಲ ಬಹುಮಾನ ಎಂದುಬಿಟ್ಟರು. ಅಂದಿನಿಂದ, ಸ್ಪರ್ಧೆಗಿಳಿದು ಸೋತ ಡೀಲಿಯಾಳ ನಾದಿನಿಯರಿಬ್ಬರೂ ಅವರನ್ನು ಕಂಡರೆ ರಸ್ತೆ ದಾಟುತ್ತಾರೆ. ಪಾಪ, ಮೇಷ್ಟ್ರು ಈಗ ಭಾನುವಾರದ ಪೂಜೆಗೆ ಪಕ್ಕದೂರಿನ ಚರ್ಚಿಗೆ ಸೈಕಲ್ ತುಳಿಯುತ್ತಾರೆ.

"ಅಯ್ಯೋ, ಆಗ ನಾವಿಲ್ಲಿ ಇರೋದಿಲ್ಲ. ಡಬ್ಲಿನ್‌ಗೆ ಹೋಗ್ತಿದ್ದೀವಿ" ಎಂದ ಫಿಂಟನ್.

ಹ್ಯಾಮ್ ಯಂತ್ರ ನಿಂತಿತು.

"ಹೋಗ್ತಿದ್ದೀರಾ? ಅಂದ್ರೆ ವಾಪಸ್ಸು? ಮನೆ ಬಿಟ್ಟು?"

ಎರಡು ದಿನದ ಮಟ್ಟಿಗೆ ಎಂದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಎರಡು ದಿನವಾದರೆ ಅಟ್ರಾಕ್ಟಾ ಸ್ಪರ್ಧೆಯನ್ನೇ ಮುಂದೆ ಹಾಕುವ ಹೆಂಗಸು. ಫಿಂಟನ್ ಬಾಯಿ ತೆರೆದ, ಮುಚ್ಚಿದ, ದಡಕ್ಕೆ ಬಿದ್ದ ಮೀನಿನಂತೆ ಒಂದು ಮುಖ ಮಾಡಿ, ಪೇಪರು ಎತ್ತಿಕೊಂಡು ಹೊರಬಂದ. ಹಾಲು ಅಲ್ಲೇ ಉಳಿಯಿತು.

ನಿಜ ಹೇಳಬೇಕೆಂದರೆ ಕಿಲ್‌ಫಾರ್ನ ಬಿಟ್ಟುಹೋಗುವ ಯೋಚನೆ ಅವನ ಕನಸಿನಲ್ಲೂ ಸುಳಿದಿರಲಿಲ್ಲ. ಡಬ್ಲಿನ್ನಿನ ಅಂಚಿನ ಬಡಾವಣೆಯೊಂದರಲ್ಲಿ, ಒಂದೇ ಅಚ್ಚಿನಲ್ಲಿ ತೆಗೆದಂಥ ಮನೆಗಳ ಸಾಲಿನಲ್ಲಿ ಅವನ ಆಯುಷ್ಯ ಕಳೆದಿತ್ತು. ನೀರು ಸರಬರಾಜು ಕಚೇರಿಯಲ್ಲಿ ಕೂತು ಜನರ ದೂರು ಕೇಳುವುದು ಅವನ ಕೆಲಸ. ಕೇಳುತ್ತಾ ಕೇಳುತ್ತಾ ಅವನು ಸಮುದ್ರವನ್ನು ನೆನೆಯುತ್ತಿದ್ದ. ಯಾರ ನಲ್ಲಿಗೂ ಸೇರದ ನೀರು. ನಿವೃತ್ತನಾದ ವಾರವೇ ಒಬ್ಬನೇ ಐರ್ಲೆಂಡಿನ ಪಶ್ಚಿಮದ ಮೇಯೊ ಕರಾವಳಿಗೆ ಬಂದು, ಅಲೆಗಳಿಗೆ ಮುಖಮಾಡಿ ನಿಂತ ಈ ಮನೆಗೆ ಮುಂಗಡ ಕೊಟ್ಟು, ರಾತ್ರಿ ಊಟದ ಹೊತ್ತಿಗೆ ಹೆಂಡತಿ ನೋರೀನ್‌ಗೆ ನಾಳೆಯ ಹವಾಮಾನ ತಿಳಿಸುವವನಂತೆ ವಿಷಯ ತಿಳಿಸಿದ್ದ. ನೋರೀನ್ ಫೋರ್ಕ್ ಕೆಳಗಿಟ್ಟು, ಮತ್ತೆ ಎತ್ತಿಕೊಂಡು, "ಸರಿ" ಎಂದಿದ್ದಳು. ಸಂತೋಷಕ್ಕೆ ಅವಳಿಗೆ ಮಾತೇ ಹೊರಡಲಿಲ್ಲ ಎಂದು ಫಿಂಟನ್ ತಿಳಿದುಕೊಂಡ.

ಬಂದು ಎರಡು ಚಳಿಗಾಲ ಕಳೆದಿತ್ತು. ಅವನಿಗಿದ್ದ ಕೊರಗು ಒಂದೇ: ಊರಿಗೆ ಅವನು ಇನ್ನೂ 'ಆ ಡಬ್ಲಿನ್‌ನವನು'. ಎದುರಾದವರು ಗಾಳಿಯ ಬಗ್ಗೆ ಒಂದು ಮಾತಾಡಿ ಮುಂದೆ ಹೋಗುತ್ತಿದ್ದರು.

ಅವನು ಮನೆ ಮುಟ್ಟುವ ಹೊತ್ತಿಗೆ ಪಕ್ಕದ ಮನೆಯ ಫೆಸ್ಟಿ ಟ್ರ್ಯಾಕ್ಟರ್ ಸಮೇತ ಅಂಗಳದಲ್ಲಿದ್ದ. ಅರವತ್ತು ದಾಟಿದ ರೈತ. ಮಾತು ಕಡಿಮೆ, ಕಣ್ಣು ಜಾಸ್ತಿ.

"ಹೋಗ್ತೀಯಂತೆ?"

"ಅದು ಹಾಗಲ್ಲ ಫೆಸ್ಟಿ, ಏನಾಯ್ತು ಅಂದ್ರೆ..."

"ಇರಲಿ ಬಿಡು ಮಾರಾಯ, ಕಾರಣ ಯಾರಿಗೆ ಬೇಕು. ಡಬ್ಲಿನ್‌ನಲ್ಲಿ ನಿನಗೆ ಹುಲ್ಲು ಕತ್ತರಿಸೋ ಮಿಷನ್ ಯಾಕೆ?"

ಇಲ್ಲ ಎಂದರೆ ಅದು ಅಟ್ರಾಕ್ಟಾಳಿಗೆ ಮುಟ್ಟುತ್ತದೆ. ಯಂತ್ರ ಟ್ರೈಲರ್ ಏರಿತು. ಅದರ ಹಿಂದೆ ಏಣಿ ಏರಿತು. ಏಣಿಯ ಜೊತೆಗೇ ಇರುವ ಸಾಮಾನು ಎಂಬಂತೆ ಕೈಗಾಡಿಯೂ ಏರಿತು.

ಟ್ರ್ಯಾಕ್ಟರಿನ ಸದ್ದು ಅಡಗುವ ಮುನ್ನ ಡೀಲಿಯಾ ಬಂದಳು. ಅವಳ ಕೈಯಲ್ಲಿ ಅಳತೆ ಟೇಪು. ಅವಳ ಅಕ್ಕನ ಮಗ ಬೋಸ್ಟನ್ನಿಂದ ವಾಪಸ್ಸಾಗುತ್ತಿದ್ದಾನೆ, ಸಮುದ್ರ ಕಾಣುವ ಮನೆ ಹುಡುಕುತ್ತಿದ್ದಾನೆ. "ನೀವು ನಿಮ್ಮ ಪಾಡಿಗೆ ಇರಿ ಫಿಂಟನ್, ನಾನೇ ನೋಡ್ಕೋತೀನಿ" ಎಂದು ನೇರ ಮಲಗುವ ಕೋಣೆಗೆ ನುಗ್ಗಿ ಕಿಟಕಿ ಅಳೆದಳು. "ಈ ಪರದೆ ನಿಮ್ಮ ಹೆಂಡ್ತಿ ಆರಿಸಿದ್ದಾ? ಪರವಾಗಿಲ್ಲ, ತೆಗೆಸಿಬಿಡ್ತೀವಿ."

ಪುಣ್ಯಕ್ಕೆ ನೋರೀನ್ ಬೆಳಿಗ್ಗೆಯ ಬಸ್ಸಿಗೇ ಪೇಟೆಗೆ ಹೋಗಿದ್ದಳು, ಕೂದಲು ಕತ್ತರಿಸಿಕೊಳ್ಳಲು. ಅವಳು ಬರುವುದರೊಳಗೆ ಎಲ್ಲ ಸರಿಮಾಡಬೇಕೆಂದು ಫಿಂಟನ್ ಡೀಲಿಯಾಳನ್ನು ಸಾಗಹಾಕಿ, ಸತ್ಯ ಹೇಳಿಯೇಬಿಡುತ್ತೇನೆಂದು ಅಂಗಡಿಯ ಕಡೆ ಹೊರಟ. ಗೇಟಿನಲ್ಲೇ ಅಟ್ರಾಕ್ಟಾ ಎದುರಾದಳು. ಬಿಟ್ಟುಬಂದ ಹಾಲು ಅವಳ ಕೈಯಲ್ಲಿತ್ತು.

"ಫಿಂಟನ್, ನನಗೆ ಹೊಳೀಲೇ ಇಲ್ಲ ನೋಡಿ! ಇಲ್ಲೇ ಬಾಳೋರಿಗೆ ತಾನೇ ಜನರ ಭಯ? ಬಿಟ್ಟು ಹೋಗೋರಿಗೆ ಏನು? ಹಂಗಿಲ್ಲದೆ ತೀರ್ಪು ಕೊಡಬಹುದು. ಸ್ಪರ್ಧೆ ಈ ಶನಿವಾರಕ್ಕೇ ತಂದುಬಿಟ್ಟಿದ್ದೀವಿ."

ಯಾವುದರಿಂದ ತಪ್ಪಿಸಿಕೊಳ್ಳಲು ಸುಳ್ಳು ಹೇಳಿದನೋ ಅದೇ ಬಂದು ತೊಡೆಯ ಮೇಲೆ ಕೂತಿತ್ತು. ಹುಲ್ಲಿನ ಯಂತ್ರ ಹೋದದ್ದು ಮಾತ್ರ ಲಾಭ.

ಮಧ್ಯಾಹ್ನ ಫಾದರ್ ಡೆವನಿ ಬಂದಾಗ ಅವನು ಉರುವಲಿನ ಶೆಡ್ಡಿನ ಹಿಂದೆ ಅವಿತು ಕೂತಿದ್ದ. ಪಾದ್ರಿಯ ಮುಂದೆ ಅವನ ಕಟ್ಟೆ ಒಡೆಯಿತು. "ಫಾದರ್, ನಾವು ಎಲ್ಲಿಗೂ ಹೋಗ್ತಿಲ್ಲ. ಸುಳ್ಳು ಹೇಳಿದೆ. ಬ್ರೆಡ್ಡಿಗೆ ಹೆದರಿ."

ಫಾದರ್ ಡೆವನಿ ಮೂಗು ಉಜ್ಜಿಕೊಂಡರು. ನಗು ತಡೆಯುತ್ತಿದ್ದರೋ ಏನೋ.

"ಆ ಬ್ರೆಡ್ಡಿಗೆ ನಾನೂ ಹೆದರ್ತೀನಪ್ಪ. ಆದ್ರೆ ಸಂಜೆ ಹಾಲ್‌ನಲ್ಲಿ ನಿಮಗೆ ಬೀಳ್ಕೊಡುಗೆ ಇಟ್ಕೊಂಡಿದ್ದಾರೆ. ಸ್ಯಾಂಡ್‌ವಿಚ್ ಆಗಲೇ ಮಾಡಿಟ್ಟಾಗಿದೆ. ಈಗ ಮನೆಮನೆಗೆ ಹೋಗಿ ಹೇಳೋದಕ್ಕಿಂತ, ಎಲ್ಲರೂ ಸೇರಿದಾಗ ಎದ್ದು ನಿಂತು ಒಂದೇ ಸಲ ಹೇಳಿಬಿಡಿ. ಬೈತಾರೆ. ಬೈದು ತಿಂದು ಮನೆಗೆ ಹೋಗ್ತಾರೆ."

ಸಂಜೆ ಚರ್ಚಿನ ಹಾಲ್ ತುಂಬಿತ್ತು. ಅಷ್ಟು ಜನ ತನಗಾಗಿ ಬಂದಿದ್ದಾರೆಂದು ಫಿಂಟನ್ ನಂಬಲಿಲ್ಲ, ಸ್ಯಾಂಡ್‌ವಿಚ್ಚಿಗಿರಬೇಕು ಎಂದುಕೊಂಡ. ಆಗ ಫೆಸ್ಟಿ ಎದ್ದು ನಿಂತ. ಫೆಸ್ಟಿ ಭಾಷಣ ಮಾಡಿದ್ದನ್ನು ಕಿಲ್‌ಫಾರ್ನ ಅದುವರೆಗೆ ಕಂಡಿರಲಿಲ್ಲ.

"ಹೋದ ಚಳಿಗಾಲ ನನ್ನ ಹಸು ಮೋರಿಗೆ ಬಿತ್ತು. ಇವನು ಬಂದ. ಡಬ್ಲಿನ್ ಬೂಟು ಹಾಕ್ಕೊಂಡು ಬಂದ. ಹಗ್ಗಾನ ತಪ್ಪು ಕಡೆಗೆ ಎಳೆದ. ಆದ್ರೆ ಹಸು ಮೇಲೆ ಬರೋ ತನಕ ಮನೆಗೆ ಹೋಗ್ಲಿಲ್ಲ. ನನ್ನ ಒಡಹುಟ್ಟಿದ ತಮ್ಮ ಕಿಟಕೀಲಿ ನೋಡ್ತಾ ಟೀ ಕುಡೀತಿದ್ದ."

ತಮ್ಮ ಹಿಂದಿನ ಸಾಲಿನಲ್ಲಿ ಕೆಮ್ಮಿದ.

"ನಾನು ಇವನಿಗೆ ಇದನ್ನ ಹೇಳಬೇಕಿತ್ತು. ಹೇಳ್ಲಿಲ್ಲ. ಇದ್ದುಬಿಡ್ತೀನಿ ಅಂದ್ರೆ ಆ ಮಿಷನ್ನೂ ವಾಪಸ್ ತಂದುಕೊಡ್ತೀನಿ. ಅದಕ್ಕಿಂತ ಹೆಚ್ಚು ನನ್ನ ಕೈಲಾಗಲ್ಲ" ಎಂದು ಫೆಸ್ಟಿ ಕೂತುಬಿಟ್ಟ.

ಡೀಲಿಯಾ ಕೂತಲ್ಲಿಂದಲೇ, "ನಮ್ಮನೆಯವರು ತೀರಿಕೊಂಡ ದಿನ ಎಲ್ರೂ ಏನೇನೋ ಸಮಾಧಾನ ಹೇಳಿದ್ರು. ಇವರಿಗೆ ಏನು ಹೇಳ್ಬೇಕೋ ತೋಚಲಿಲ್ಲ. ಅಡುಗೆಮನೆಗೆ ಹೋಗಿ ಸಂಜೆವರೆಗೂ ಪಾತ್ರೆ ತೊಳೆದ್ರು. ಒಂದು ಕಪ್ಪು ಒಡೆದ್ರು. ಅದರ ಚೂರು ಇನ್ನೂ ಎಸೆದಿಲ್ಲ ನಾನು" ಎಂದಳು.

ಫಿಂಟನ್‌ನ ಕಣ್ಣು ಮಂಜಾಯಿತು. ಎರಡು ವರ್ಷ ಇವರು ತನ್ನನ್ನು ಬೇಲಿಯ ಆಚೆ ಇಟ್ಟಿದ್ದಾರೆಂದು ಅವನು ಕೊರಗಿದ್ದ. ಅವರೋ ಮಾತಾಡುವ ಅಭ್ಯಾಸವಿಲ್ಲದೆ ಸುಮ್ಮನಿದ್ದವರು. ಇನ್ನೇನು ಬೇಕು? ಸತ್ಯ ಹೇಳುತ್ತೇನೆ, ಬೈಸಿಕೊಳ್ಳುತ್ತೇನೆ, ಶನಿವಾರ ಬ್ರೆಡ್ಡನ್ನೂ ತಿನ್ನುತ್ತೇನೆ, ಬೇಕಾದರೆ ಮೇಷ್ಟ್ರ ಜೊತೆ ನಾನೂ ಸೈಕಲ್ ತುಳಿಯುತ್ತೇನೆ. ಅವನು ಎದ್ದು ನಿಂತ. ಫಾದರ್ ಡೆವನಿ ದೂರದಿಂದ ತಲೆಯಾಡಿಸಿದರು.

"ಗೆಳೆಯರೇ, ನಾನೊಂದು ವಿಷಯ..."

ಹಾಲ್‌ನ ಬಾಗಿಲು ಗಾಳಿಗೆ ಬಡಿದಂತೆ ತೆರೆದುಕೊಂಡಿತು. ನೋರೀನ್. ಹೊಸದಾಗಿ ಕತ್ತರಿಸಿದ ಕೂದಲು ಹಣೆಗೆ ಅಂಟಿತ್ತು. ಬಸ್ ನಿಲ್ದಾಣದಿಂದ ಓಡಿಬಂದಿದ್ದಳು. ಜನರ ನಡುವೆ ದಾರಿ ಮಾಡಿಕೊಂಡು ಬಂದು ಗಂಡನನ್ನು ಅಪ್ಪಿಕೊಂಡಳು. ಹಾಗೆ ಅವಳು ಎಲ್ಲರೆದುರು ಅಪ್ಪಿದ್ದು ಮದುವೆಯ ದಿನ ಬಿಟ್ಟರೆ ಇದೇ.

"ಪಾರ್ಲರ್‌ನಲ್ಲಿ ಕೂದಲು ತೊಳೀತಾ ಆ ಹುಡುಗಿ ಹೇಳಿದ್ಲು" ಎಂದು ಅವನ ಕಿವಿಯಲ್ಲಿ ಪಿಸುಗುಟ್ಟಿದಳು. ಅಟ್ರಾಕ್ಟಾಳ ಸುದ್ದಿ ಪೇಟೆಯನ್ನೂ ಮುಟ್ಟಿತ್ತು. "ಮೊದಲು ನಂಬಲಿಲ್ಲ ನಾನು. ಫಿಂಟನ್, ಈ ಗಾಳಿ ಕೇಳಿ ಕೇಳಿ ನನಗೆ ಹುಚ್ಚು ಹಿಡಿಯೋದೊಂದು ಬಾಕಿ ಇತ್ತು. ನೀನು ನಡೆಯೋಕೆ ಹೋದಾಗಲೆಲ್ಲ ಬಚ್ಚಲುಮನೇಲಿ ಕೂತು ಅಳ್ತಿದ್ದೆ. ನಿನ್ನ ಜೀವಮಾನದ ಆಸೆ, ಅದನ್ನ ಹೇಗೆ ಮುರಿಯೋದು ಅಂತ ಬಾಯಿ ಬಿಡಲಿಲ್ಲ. ನಾನು ಹೇಳದೇನೇ ನಿನಗೆ ತಿಳೀತಲ್ಲ!"

ನೋರೀನ್ ಅವನ ಕಾಲರ್ ಸರಿಮಾಡಿದಳು.

"ಅಕ್ಕನಿಗೆ ಫೋನ್ ಮಾಡಿದೆ. ಅವಳ ಮನೆಯ ಕೆಳಗಿನ ಫ್ಲಾಟ್ ಖಾಲಿ ಇದೆಯಂತೆ. ಯಾರಿಗೂ ಕೊಡಬೇಡ, ನಾವೇ ಬರ್ತೀವಿ ಅಂತ ಮಾತು ಕೊಟ್ಟುಬಿಟ್ಟೆ. ಸರಿ ತಾನೇ?"

ಹಾಲ್ ಕಾಯುತ್ತಿತ್ತು. ಫೆಸ್ಟಿ ಟೋಪಿ ಹಿಸುಕುತ್ತಾ ಅವನನ್ನೇ ನೋಡುತ್ತಿದ್ದ. ಫಾದರ್ ಡೆವನಿ, ಹೇಳು ಹೇಳು ಎಂಬಂತೆ ಮತ್ತೆ ತಲೆಯಾಡಿಸಿದರು. ಫಿಂಟನ್ ನೋರೀನ್‌ಳ ಮುಖ ನೋಡಿದ. ಆ ಮುಖದಲ್ಲಿದ್ದ ಬೆಳಕನ್ನು ತಾನು ಎರಡು ವರ್ಷದಿಂದ ಕಂಡಿರಲಿಲ್ಲ, ಕಂಡಿಲ್ಲವೆಂಬುದೂ ತನಗೆ ಗೊತ್ತಿರಲಿಲ್ಲ ಎಂದು ಅವನಿಗೆ ಆಗ ತಿಳಿಯಿತು.

"ಹೇಳೋಕೆ ಇರೋದು ಇಷ್ಟೆ" ಎಂದ. "ನಾವು ಹೊರಟಿದ್ದೀವಿ."

ಚಪ್ಪಾಳೆ ಬಿತ್ತು. ಡೀಲಿಯಾ ಕಣ್ಣೊರೆಸಿಕೊಂಡಳು. ಫಾದರ್ ಡೆವನಿ ಮಾತ್ರ ಸ್ಯಾಂಡ್‌ವಿಚ್ಚನ್ನು ಅರ್ಧಕ್ಕೇ ನಿಲ್ಲಿಸಿ ಕೂತರು.

ಅವರಿಬ್ಬರೂ ನಡೆದುಕೊಂಡು ಮನೆಗೆ ಹೊರಟಾಗ ಇನ್ನೂ ಬೆಳಕಿತ್ತು. ಗಾಳಿ ಬಿದ್ದುಹೋಗಿತ್ತು. ಸಮುದ್ರ ಆ ಸಂಜೆಯ ಮಟ್ಟಿಗೆ ತಟ್ಟೆಯಲ್ಲಿಟ್ಟ ನೀರಿನಂತೆ ಅಲುಗದೆ ಮಲಗಿತ್ತು. ನೋರೀನ್ ಅವನ ತೋಳು ಹಿಡಿದು ಏನೋ ಗುನುಗುತ್ತಾ ನಡೆದಳು.

"ಅಲ್ಲ, ನನ್ನ ಮನಸ್ಸಲ್ಲಿ ಇರೋದು ನಿನಗೆ ಹೇಗೆ ಗೊತ್ತಾಯ್ತು?" ಎಂದು ಕೇಳಿದಳು.

ಫಿಂಟನ್ ಸಮುದ್ರದ ಕಡೆ ನೋಡಿದ.

"ಇಷ್ಟು ವರ್ಷ ಒಟ್ಟಿಗೆ ಬಾಳಿದೀವಿ" ಎಂದ. "ಅಷ್ಟೂ ಗೊತ್ತಾಗಲ್ವಾ?"

ಅದು ಆ ದಿನದ ಎರಡನೆಯ ಸುಳ್ಳು. ಮೊದಲನೆಯದನ್ನು ಇಡೀ ಊರಿನೆದುರು ಹಿಂದಕ್ಕೆ ತೆಗೆದುಕೊಳ್ಳಲು ಅವನು ಸಿದ್ಧನಾಗಿದ್ದ. ಇದನ್ನು ಹಿಂದಕ್ಕೆ ತೆಗೆದುಕೊಳ್ಳುವ ಹಾಗೇ ಇರಲಿಲ್ಲ.