ಡಿಕ್ಕಿಯ ಅಳತೆ

ಎಲ್ಲ ರಗಳೆಗೂ ಮೂಲ ಹಳೆಯ ಕ್ಯಾಲೆಂಡರಿನ ಒಂದು ಹಾಳೆ. ಅದರ ಬೆನ್ನಿಗೆ ಎಸೆನ್‌ಕುಲ್ ಪೆನ್ಸಿಲಿನಲ್ಲಿ ಒಂದು ಪೆಟ್ಟಿಗೆಯ ಚಿತ್ರ ಬರೆದಿದ್ದ. ಉದ್ದ, ಅಗಲ, ಎತ್ತರ, ಸೀಟಿನ ಬೆನ್ನಿಗೆ ಒರಗುವ ಕಡೆ ಎಷ್ಟು ಓರೆ, ಹಲಗೆ ಎಷ್ಟು ದಪ್ಪ, ಎಲ್ಲವೂ ಅದರಲ್ಲಿತ್ತು. ಮುಂಭಾಗದಲ್ಲಿ ರೊಟ್ಟಿಯಗಲದ ಎರಡು ವೃತ್ತಗಳೂ ಇದ್ದವು. ಪೆಟ್ಟಿಗೆ ಯಾತಕ್ಕೆ ಎಂಬುದೊಂದನ್ನು ಮಾತ್ರ ಅವನು ಬರೆದಿರಲಿಲ್ಲ.

ಬರೆಯದೆ ಇದ್ದುದಕ್ಕೆ ಕಾರಣವಿತ್ತು. ಎಸೆನ್‌ಕುಲ್‌ಗೆ ನಲವತ್ತು ಹತ್ತಿರವಾಗಿತ್ತು. ಚಳಿಗಾಲದಲ್ಲಿ ಊರ ಶಾಲೆಯ ಒಲೆಗೆ ಕಲ್ಲಿದ್ದಲು ಹಾಕುವುದು ಅವನ ಕೆಲಸ. ಅಂಥ ಮನುಷ್ಯ ಕಾರಿನ ಡಿಕ್ಕಿಯಲ್ಲಿ ಹಾಡಿನ ಪೆಟ್ಟಿಗೆ ಕೂರಿಸಲು ಹೊರಟಿದ್ದಾನೆಂದು ಗೊತ್ತಾದರೆ ಊರು ಸುಮ್ಮನೆ ಬಿಡುವುದಿಲ್ಲ. ಹೆಂಡತಿ ಜೂರಾಳಂತೂ ಬಿಡುವುದೇ ಇಲ್ಲ. ಅವಳ ಪ್ರಕಾರ ದೇವರು ಡಿಕ್ಕಿಯನ್ನು ಸೃಷ್ಟಿಸಿದ್ದೇ ಆಲೂಗಡ್ಡೆಗಾಗಿ.

ಆದರೆ ಹೋದ ವರ್ಷ ನಾರಿನ್ ಪೇಟೆಯಲ್ಲಿ ಸ್ಪೀಕರು ಮಾರುವವನೊಬ್ಬ ಅವನನ್ನು ತನ್ನ ಕಾರಿನಲ್ಲಿ ಕೂರಿಸಿ ಹಾಡು ಹಾಕಿದ್ದ. ಹಿಂದಿನಿಂದ 'ದುಮ್' ಎಂದು ಬಂದ ಸದ್ದು ಕಿವಿಗೆ ಹೋಗದೆ ನೇರವಾಗಿ ಎದೆಗೂಡಿಗೆ ಇಳಿದಿತ್ತು. ಅಲ್ಲಿಂದೀಚೆಗೆ ತನ್ನ ಹಳೆಯ ಜರ್ಮನ್ ಕಾರಿನ ರೇಡಿಯೋ ಅವನಿಗೆ ಡಬ್ಬಿಯೊಳಗೆ ಸಿಕ್ಕಿಬಿದ್ದ ನೊಣದಂತೆ ಕೇಳಿಸತೊಡಗಿತು. "ಸ್ಪೀಕರು ದೊಡ್ಡದಲ್ಲ ಅಣ್ಣ, ಪೆಟ್ಟಿಗೆ ದೊಡ್ಡದು," ಎಂದಿದ್ದ ಮಾರುವವನು. "ಎದೆ ಇಲ್ಲದವನು ಹಾಡಿದರೆ ಏನು ಕೇಳಿಸುತ್ತೆ? ಡಿಕ್ಕಿಗೆ ಬಿಗಿಯಾಗಿ ಕೂರಬೇಕು. ಗಾಳಿ ಸೋರಬಾರದು. ಒಳಗೆ ಉಣ್ಣೆ ತುಂಬಿಸು."

ಒಂದಿಡೀ ಚಳಿಗಾಲ ಎಸೆನ್‌ಕುಲ್ ಶಾಲೆಯ ಒಲೆಯ ಮುಂದೆ ಕೂತು ಆ ಪೆಟ್ಟಿಗೆಯನ್ನು ಮನಸ್ಸಿನಲ್ಲೇ ಕಟ್ಟಿದ, ಬಿಚ್ಚಿದ, ಮತ್ತೆ ಕಟ್ಟಿದ. ಬೇಸಿಗೆಯಲ್ಲಿ ಹುಲ್ಲು ಕೊಯ್ದ ಕೂಲಿಗೆ ಎರಡು ಸ್ಪೀಕರು ತಂದು, ಕಂಬಳಿಯಲ್ಲಿ ಸುತ್ತಿ, ಹುಲ್ಲಟ್ಟದ ಮೇಲೆ ಅಡಗಿಸಿಟ್ಟ. ತಂತಿ ಯಾವ ಕಡೆಯಿಂದ ಬರಬೇಕು, ಯಾವ ಸೀಟಿನ ಕೆಳಗೆ ಹಾಯಬೇಕು ಎಂಬುದೂ ನಿರ್ಧಾರವಾಯಿತು. ಉಳಿದದ್ದು ಬಡಗಿಯ ಕೆಲಸ.

ಆ ಸೀಮೆಗೆಲ್ಲ ಒಳ್ಳೆಯ ಬಡಗಿಯೆಂದರೆ ಕಣಿವೆಯಾಚೆ ತಾಶ್-ದೋಬೋದ ಸಾದಿರ್ ಉಸ್ತಾ. ಪಕ್ಕದ ಮನೆಯ ಬಾತ್ಮಾ ಅಜ್ಜಿಗೆ ಅಲ್ಲೇ, ಉಸ್ತಾನ ಗೋಡೆಗೆ ಅಂಟಿದ ಮನೆಯಲ್ಲಿ, ಒಬ್ಬಳು ತಂಗಿಯಿದ್ದಳು. ಅಜ್ಜಿ ಅಲ್ಲಿಗೆ ಹೊರಟ ದಿನ ಎಸೆನ್‌ಕುಲ್ ಹಾಳೆಯನ್ನು ಅವಳ ಕೈಗಿಟ್ಟು, "ಅಜ್ಜಿ, ಇದನ್ನ ಉಸ್ತಾಗೆ ಕೊಡು. ಮುಂದಿನ ಭಾನುವಾರ ಕುರಿ ತಗೊಂಡು ನಾನೇ ಬರ್ತೀನಿ ಅಂತ ಹೇಳು. ನಮ್ಮೂರಲ್ಲಿ ಮಾತ್ರ ಯಾರ ಹತ್ರಾನೂ ಬಾಯಿ ಬಿಡಬೇಡ," ಎಂದ. ಸಾದಿರ್ ಉಸ್ತಾ ಕೆಲಸಕ್ಕೆ ಕುರಿಯನ್ನೇ ಕೂಲಿಯಾಗಿ ತೆಗೆದುಕೊಳ್ಳುವುದು ಎಲ್ಲರಿಗೂ ಗೊತ್ತಿತ್ತು.

"ಯಾತಕ್ಕಪ್ಪಾ ಪೆಟ್ಟಿಗೆ?"

"ಹೀಗೇ, ಸುಮ್ನೆ."

ಅಜ್ಜಿ ಒಂದು ಕಣ್ಣು ಮುಚ್ಚಿ, ಇನ್ನೊಂದರಲ್ಲಿ ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ಹಾಳೆಯನ್ನು ಮಡಿಸಿ ತನ್ನ ಬೂಟಿನೊಳಗೆ ಸೇರಿಸಿಕೊಂಡಳು.

ಭಾನುವಾರ ಬೆಳಗಾಯಿತು. ಪೋಪ್ಲರ್ ಮರಗಳು ಹಳದಿಗೆ ತಿರುಗಿದ್ದವು. ಎಸೆನ್‌ಕುಲ್ ಡಿಕ್ಕಿ ಗುಡಿಸಿ, ಸ್ಟೆಪ್ನಿ ಚಕ್ರವನ್ನು ತೆಗೆದು ಹಿಂದಿನ ಸೀಟಿಗೆ ಹಾಕಿ, ಕೊಬ್ಬಿದ ಒಂದು ಕುರಿಯ ಕಾಲು ಕಟ್ಟಿ ಮಲಗಿಸಿದ.

"ಎಲ್ಲಿಗೆ?" ಎಂದಳು ಜೂರಾ, ಹಾಲಿನ ಬಕೆಟ್ಟು ಹಿಡಿದು.

"ಸಂತೆಗೆ. ಕುರಿಗೆ ಒಳ್ಳೆ ಬೆಲೆ ಇದೆಯಂತೆ."

"ಸಂತೆಗೆ ಹೋಗಕ್ಕೆ ಗಡ್ಡ ಯಾಕೆ ಕೆರಕೊಂಡೆ?"

ಅಷ್ಟರಲ್ಲಿ ಮುಂದಿನ ಬಾಗಿಲು ತೆರೆದು ಬಾತ್ಮಾ ಅಜ್ಜಿ ಒಳಗೆ ಕೂತಾಗಿತ್ತು. ಮೈಮೇಲೆ ಮಖಮಲ್ಲಿನ ಕರಿ ಅಂಗಿ, ತಲೆಗೆ ಹಿಮದಂಥ ಬಿಳಿ ವಸ್ತ್ರ, ಮಡಿಲಲ್ಲಿ ಬೋರ್ಸೋಕಿನ ಗಂಟು. ಕರಿದ ಹಿಟ್ಟಿನ ವಾಸನೆ ಕಾರಿನ ತುಂಬ ಹರಡಿತು. ತಂಗಿಯ ಮನೆಗಿರಬೇಕು ಅಂದುಕೊಂಡ ಅವನು. ಕೇಳಲಿಲ್ಲ. ಕೇಳಿದರೆ ಅವಳೂ ಕೇಳುತ್ತಾಳೆ.

ಕಣಿವೆಯ ತಿರುವಿನಲ್ಲಿ ಅಜ್ಜಿ ಕಾರು ನಿಲ್ಲಿಸಲು ಹೇಳಿದಳು. ಇಳಿದು ಡಿಕ್ಕಿ ತೆರೆಸಿ, ಗಂಟಿನಿಂದ ಕೆಂಪು ಪಟ್ಟಿಯೊಂದನ್ನು ತೆಗೆದು ಕುರಿಯ ಕೊರಳಿಗೆ ಕಟ್ಟಿದಳು. "ಬರಿಗೊರಳಲ್ಲಿ ಒಯ್ತಾರಾ? ನಿನಗೆ ಅಷ್ಟೂ ತಿಳಿಯಲ್ವಲ್ಲೋ."

ಬಡಗಿಯ ಕೂಲಿಗೂ ಅಲಂಕಾರವೇ ಎಂದು ಎಸೆನ್‌ಕುಲ್‌ಗೆ ಅನ್ನಿಸಿತು. ವಯಸ್ಸಾದವರ ಮಾತು, ಹೋಗಲಿ ಎಂದುಕೊಂಡ. ಹಿಂದಿನಿಂದ ಕುರಿ ಒಮ್ಮೆ ದೊಡ್ಡದಾಗಿ ಕೂಗಿತು. ಡಿಕ್ಕಿಯೊಳಗಿನ ದನಿ ಇಷ್ಟು ಚೆನ್ನಾಗಿ ಮುಂದಕ್ಕೆ ಬರುತ್ತದಲ್ಲ ಎಂದು ಅವನು ಒಳಗೊಳಗೇ ಹಿಗ್ಗಿದ.

ತಾಶ್-ದೋಬೋದಲ್ಲಿ ಸಾದಿರ್ ಉಸ್ತಾನ ಅಂಗಳ ಗುಡಿಸಿ ನೀರು ಚಿಮುಕಿಸಿತ್ತು. ಬಿಳಿ ಟೊಪ್ಪಿಯ ಏಳೆಂಟು ಗಂಡಸರು ಗೋಡೆಗೆ ಸಾಲಾಗಿ ನಿಂತಿದ್ದರು. ಒಬ್ಬ ಕಾರಿನ ಬಾಗಿಲು ತೆರೆದ, ಇಬ್ಬರು ಕುರಿಯನ್ನು ಮಗುವಿನಂತೆ ಎತ್ತಿ ಇಳಿಸಿದರು. ಕಡಾಯಿಯಲ್ಲಿ ಆಗಲೇ ಮಾಂಸ ಕುದಿಯುತ್ತಿತ್ತು. ಗಿರಾಕಿಗೆ ಇಷ್ಟು ಮರ್ಯಾದೆ ಕೊಡುವ ಬಡಗಿಯನ್ನು ಎಸೆನ್‌ಕುಲ್ ಎಲ್ಲೂ ಕಂಡಿರಲಿಲ್ಲ. ಅವನನ್ನು ಕರೆದೊಯ್ದು ಬಾಗಿಲಿಗೆ ಎದುರಾಗಿ, ಹಿರಿಯರು ಕೂರುವ ಜಾಗದಲ್ಲಿ, ಮೂರು ದಿಂಬಿನ ಮೇಲೆ ಕೂರಿಸಿದರು.

"ಪೆಟ್ಟಿಗೆ ಆಯ್ತಾ ಉಸ್ತಾ?"

ಸಾದಿರ್ ಉಸ್ತಾ ಬಾಯ್ತುಂಬ ನಕ್ಕ. ಅವನ ಗಡ್ಡದಲ್ಲಿ ಇನ್ನೂ ಮರದ ಹೊಟ್ಟಿತ್ತು. "ಆಗದೆ ಏನು? ಮೂರು ದಿನ ಬೇರೆ ಕೆಲಸ ಮುಟ್ಟಿಲ್ಲ. ಒಂದು ಕೂದಲೆಳೆ ಹೆಚ್ಚುಕಮ್ಮಿ ಇದ್ರೆ ನನ್ನ ಕೈ ಕತ್ತರಿಸಿ. ಈಗ ಒಳಗೆ ತುಂಬ್ತಾ ಇದಾರೆ."

"ಉಣ್ಣೆಯಾ?" ಎಸೆನ್‌ಕುಲ್‌ನ ಕಣ್ಣು ಹೊಳೆಯಿತು. ಹಾಳೆಯಲ್ಲಿ ಬರೆಯದಿದ್ದುದನ್ನೂ ಈ ಮನುಷ್ಯ ತಿಳಿದುಕೊಂಡಿದ್ದಾನೆ!

"ಮತ್ತೇನು ಹತ್ತಿಯಾ? ಅಪ್ಪಟ ಉಣ್ಣೆ. ನಮ್ಮನೆಯವಳು ಕೈಯಾರೆ ಹಿಂಜಿದ್ದು."

ಉಸ್ತಾನ ಮಗಳು ಅನಾರ್‌ಕುಲ್ ಚಹಾ ತಂದಳು. ಗಟ್ಟಿಮುಟ್ಟಾದ, ನಗುಮುಖದ ಹುಡುಗಿ. ಬಟ್ಟಲು ಕೊಡುತ್ತ ಮೆಲ್ಲಗೆ, "ನಮ್ಮ ಹಸು ಹೇಗಿದೆ ಅಂತ ಡಾಕ್ಟರು ಕೇಳಲಿಲ್ವಾ?" ಎಂದಳು. ಡಾಕ್ಟರೆಂದರೆ ಎಸೆನ್‌ಕುಲ್‌ನ ತಮ್ಮ ಶೇರ್‌ಗಾಜಿ. ಸುತ್ತಿನ ಹಳ್ಳಿಗಳ ದನದ ಡಾಕ್ಟರು. ಇಲ್ಲ ಎಂದು ಇವನು ತಲೆಯಾಡಿಸಿದ. ಹುಡುಗಿಯ ಮುಖ ಸ್ವಲ್ಪ ಬಾಡಿತು.

ಆಮೇಲೆ ತಟ್ಟೆ ಬಂತು. ಅದರಲ್ಲಿ ಏನಿದೆಯೆಂದು ಅವನು ನೋಡುವ ಮೊದಲೇ ಉಸ್ತಾನ ಹೆಂಡತಿ ಬುರುಲ್ ಒಂದು ಹಿಡಿ ತೆಗೆದು, ಗಲ್ಲ ಹಿಡಿದು, ಅವನ ಬಾಯಿಗೆ ತುರುಕಿದಳು. ಮೊಸರು ಮೂಗಿನವರೆಗೆ ಮೆತ್ತಿತು. ಎಲ್ಲರೂ ಹೋ ಎಂದು ನಕ್ಕರು. ಎಸೆನ್‌ಕುಲ್ ಅಗಿದ. ಒಂದು ಮೆತ್ತಗಿತ್ತು, ಇನ್ನೊಂದು ಬಿರುಸಾಗಿತ್ತು. ಬಾಲದ ಕೊಬ್ಬು. ಪಿತ್ತಜನಕಾಂಗ.

ಅವನ ದವಡೆ ನಿಂತುಹೋಯಿತು.

ಬಾಲದ ಕೊಬ್ಬನ್ನೂ ಪಿತ್ತಜನಕಾಂಗವನ್ನೂ ಒಟ್ಟಿಗೆ ಒಬ್ಬರ ಬಾಯಿಗೊಬ್ಬರು ಇಡುವುದು ಆ ನಾಡಿನಲ್ಲಿ ಒಂದೇ ಒಂದು ಸಂದರ್ಭದಲ್ಲಿ. ಅದನ್ನು ನುಂಗಿದ ಮೇಲೆ ಹಿಂದೆ ಸರಿದವರನ್ನು ಯಾರೂ ಕಂಡಿಲ್ಲ.

"ನುಂಗಿ ಬೀಗರೇ, ನುಂಗಿ!" ಎಂದು ಸಾದಿರ್ ಉಸ್ತಾ ಬೆನ್ನಿಗೊಂದು ಗುದ್ದಿದ. ಅದು ಇಳಿದೇ ಹೋಯಿತು.

ಬಾತ್ಮಾ ಅಜ್ಜಿ ಗಂಟಿನ ತಳದಿಂದ ಒಂದು ಜೊತೆ ಬೆಳ್ಳಿಯ ಓಲೆ ತೆಗೆದು, ಅನಾರ್‌ಕುಲ್‌ಳ ಕಿವಿಗೆ ಹಾಕಿ ಹಣೆಗೆ ಮುತ್ತಿಟ್ಟಳು. ಎಸೆನ್‌ಕುಲ್ ಅಜ್ಜಿಯ ತೋಳು ಹಿಡಿದೆಳೆದು ಪಿಸುಗುಟ್ಟಿದ: "ಅಜ್ಜಿ! ಯಾರಿಗೆ?"

"ಇನ್ಯಾರಿಗೆ, ನಿನಗಾ? ಶೇರ್‌ಗಾಜಿಗೆ."

ಶೇರ್‌ಗಾಜಿಗೆ ಮೂವತ್ನಾಲ್ಕು ವರ್ಷ. ಅಣ್ಣನ ಅಂಗಳದಲ್ಲೇ ಎದುರಿನ ಕೋಣೆಯಲ್ಲಿ ವಾಸ. ಮನುಷ್ಯರಿಗಿಂತ ಹಸುಗಳ ಜೊತೆಯೇ ಮಾತು ಹೆಚ್ಚು. ಎರಡು ವರ್ಷದ ಹಿಂದೆ ಜೂರಾ ಅವನಿಗೆ ತಿಳಿಸದೆ ಒಂದು ಹುಡುಗಿಯನ್ನು ಚಹಾಕ್ಕೆ ಕರೆದಿದ್ದಳು. ಅವನು ಕಿಟಕಿಯಿಂದ ಹಾರಿ ಬೆಟ್ಟದ ಕುರುಬರ ಜೊತೆ ಮೂರು ವಾರ ಇದ್ದುಬಿಟ್ಟ. ಇಳಿದು ಬಂದ ಮೇಲೂ ಹಿಮ ಬೀಳುವವರೆಗೆ ಅಣ್ಣನ ಜೊತೆ ಮಾತಾಡಲಿಲ್ಲ. ಇರುವ ಒಬ್ಬನೇ ತಮ್ಮ. ಈ ಸಲ ಹೋದರೆ ಬರುತ್ತಾನೋ ಇಲ್ಲವೋ.

ನಿಜ ಹೇಳಿಬಿಡಲೇ? ಎಸೆನ್‌ಕುಲ್ ಬಾಯಿ ತೆರೆದ. ಎದುರಿಗೆ ಹುಡುಗಿ ಓಲೆ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದಳು. ತಾಯಿ ತಲೆವಸ್ತ್ರದ ತುದಿಯಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. 'ನಾನು ಹಾಡಿನ ಪೆಟ್ಟಿಗೆಗೆ ಬಂದವನು' ಎಂದು ಈ ಮನೆಯಲ್ಲಿ ಈಗ ಹೇಳುವುದಕ್ಕಿಂತ ಕಡಾಯಿಯಲ್ಲಿ ಧುಮುಕುವುದು ಸುಲಭ. ತೆರೆದ ಬಾಯಿಗೆ ಬುರುಲ್ ಇನ್ನೊಂದು ತುತ್ತು ಇಟ್ಟಳು.

ಹೊರಡುವಾಗ ಅವನಿಗೆ ಹೊಸ ನಿಲುವಂಗಿ ತೊಡಿಸಿದರು. ಆರು ಜನ ಗಂಡಸರು ಪೆಟ್ಟಿಗೆ ಹೊತ್ತು ತಂದರು. ಕೆಂಪು ಬಣ್ಣ, ಅಂಚಿಗೆಲ್ಲ ಟಗರಿನ ಕೊಂಬಿನ ಚಿತ್ತಾರ, ಒಳಗೆ ಒತ್ತಿ ಒತ್ತಿ ತುಂಬಿದ ಉಣ್ಣೆಯ ರಜಾಯಿಗಳು. ಮದುವಣಗಿತ್ತಿಯ ಪೆಟ್ಟಿಗೆ.

"ನಿಮ್ಮ ಅಳತೆ ನೋಡಿದ ಕೂಡ್ಲೇ ಗೊತ್ತಾಯ್ತು," ಎಂದ ಉಸ್ತಾ. "ಬೇರೆ ಬೀಗರು ಲಾರಿ ತರ್ತಾರೆ. ನೀವು ಡಿಕ್ಕಿ ಅಳೆದು ಕಳಿಸಿದೀರಿ. ಪೆಟ್ಟಿಗೆ ಇವತ್ತೇ ಹೋಗಲಿ, ಹುಡುಗಿ ಹತ್ತು ದಿನಕ್ಕೆ ಬರ್ತಾಳೆ. ಆ ಎರಡು ತೂತು ಇದೆಯಲ್ಲ, ಅದಕ್ಕೆ ಮಾತ್ರ ನಾನು ತಲೆಬಾಗಿದೆ! ರಜಾಯಿಗೆ ಗಾಳಿ ಆಡಬೇಕು, ಇಲ್ಲಾಂದ್ರೆ ನುಸಿ ಹಿಡಿಯುತ್ತೆ. ನಲವತ್ತು ವರ್ಷದಿಂದ ಪೆಟ್ಟಿಗೆ ಮಾಡ್ತಿದೀನಿ, ನನಗೆ ಹೊಳೆದಿರಲಿಲ್ಲ." ತೂತುಗಳಿಗೆ ಅವನು ಹಿತ್ತಾಳೆಯ ಜಾಲರಿಯನ್ನೂ ಕೂರಿಸಿದ್ದ.

ಪೆಟ್ಟಿಗೆ ಡಿಕ್ಕಿಯೊಳಗೆ ಜಾರಿತು. ಕೊನೆಯ ಗೇಣಿಗೆ ಒಂದು ನೂಕು ಬೇಕಾಯಿತು. ಆಮೇಲೆ ಒಸಡಿನಲ್ಲಿ ಹಲ್ಲಿನಂತೆ ಕೂತುಬಿಟ್ಟಿತು. ಅಂಥ ಸಂಕಟದಲ್ಲೂ ಎಸೆನ್‌ಕುಲ್‌ಗೆ ಮೆಚ್ಚದೆ ಇರಲಾಗಲಿಲ್ಲ. ಓರೆಯೂ ಸರಿಯಾಗಿತ್ತು.

ವಾಪಸು ದಾರಿಯಲ್ಲಿ ಅವನು ತಮ್ಮನಿಗೆ ಹೇಳಬೇಕಾದ ಮಾತನ್ನು ಹದಿನೇಳು ಬಗೆಯಲ್ಲಿ ಜೋಡಿಸಿದ. ಹದಿನೇಳರಲ್ಲೂ ಕೊನೆಗೆ ತಮ್ಮ ಬೆಟ್ಟಕ್ಕೆ ಹೋಗುತ್ತಿದ್ದ. ಬಾತ್ಮಾ ಅಜ್ಜಿ ಪಕ್ಕದಲ್ಲಿ ಗೊರಕೆ ಹೊಡೆಯುತ್ತಿದ್ದಳು.

ಸಂಜೆಯ ಬಿಸಿಲಿನಲ್ಲಿ ಶೇರ್‌ಗಾಜಿ ಬಾಗಿಲ ಮುಂದಿನ ಕಾಲುವೆಯಲ್ಲಿ ಕೈ ತೊಳೆಯುತ್ತಿದ್ದ. ಪಕ್ಕದಲ್ಲಿ ಕುದುರೆಗೆ ಚುಚ್ಚುವ ಸಿರಿಂಜು ಇತ್ತು. ಕಾರು ನಿಲ್ಲುವ ಮೊದಲೇ ಅಜ್ಜಿ ಎಚ್ಚರಗೊಂಡು, ಕಿಟಕಿಯಿಂದ ಅರ್ಧ ಮೈ ಹೊರಹಾಕಿ ಕೂಗಿದಳು: "ಸುಯುಂಚು ಕೊಡೋ ಶೇರ್‌ಗಾಜಿ! ಒಳ್ಳೆ ಸುದ್ದಿ ತಂದಿದೀನಿ, ಬರಿಗೈಲಿ ಹೇಳಲ್ಲ! ಸಾದಿರ್ ಉಸ್ತಾನ ಮಗಳ ಕಿವಿಗೆ ಓಲೆ ಹಾಕಿ ಬಂದ್ವಿ. ನಿನಗೆ!"

ಶೇರ್‌ಗಾಜಿ ಎದ್ದು ನಿಂತ. ಅಜ್ಜಿ ತೆರೆಸಿದ ಡಿಕ್ಕಿಯಲ್ಲಿ ಕೆಂಪು ಪೆಟ್ಟಿಗೆ ನೋಡಿದ, ಅಣ್ಣನ ಹೊಸ ನಿಲುವಂಗಿ ನೋಡಿದ. ಹಾಗೇ ಕಾಲುವೆಯ ದಂಡೆಯ ಮೇಲೆ ಕುಸಿದು ಕೂತ.

"ತಮ್ಮಾ, ನಾನು ಹೇಳೋದು ಕೇಳು..." ಎಂದ ಎಸೆನ್‌ಕುಲ್.

"ಅನಾರ್‌ಕುಲ್‌ಗಾ?"

"ಅವಳಿಗೇ. ಆದರೆ ಅದು..."

"ಅವಳು ಹೂಂ ಅಂದಳಾ?"

"ಓಲೆ ಮುಟ್ಟಿ ಮುಟ್ಟಿ ನೋಡ್ಕೊಳ್ತಿದ್ದಳು. ಹಸು ಹೇಗಿದೆ ಅಂತ ನೀನು ಕೇಳಿಲ್ಲ ಅಂತ ಬೇಜಾರು ಮಾಡ್ಕೊಂಡಳು."

ಶೇರ್‌ಗಾಜಿ ಒದ್ದೆ ಕೈಯಿಂದಲೇ ಮುಖ ಮುಚ್ಚಿಕೊಂಡ. ಬೆರಳ ಸಂದಿಯಿಂದ ಮಾತು ಬಂತು. "ಆ ಹಸುಗೆ ಏನೂ ಆಗಿರಲಿಲ್ಲಣ್ಣ. ಬೇಸಿಗೆಯಲ್ಲಿ ನಾಲ್ಕು ಸಲ ಕರೆಸಿದಳು. ನಾಲ್ಕು ಸಲವೂ ಹೋಗಿ ನಾಲಿಗೆ ನೋಡಿ ಬಂದೆ."

"ಅವಳ ನಾಲಿಗೆಯಾ?"

"ಹಸುವಿನದು! ಅವಳ ಮುಂದೆ ನನಗೆ ಮಾತು ಹೊರಡುತ್ತಾ?" ಎಂದವನೇ ಎದ್ದು ಬಂದು ಅಣ್ಣನನ್ನು ತಬ್ಬಿಕೊಂಡ. "ನಿನಗೆ ಹೇಗಣ್ಣ ಗೊತ್ತಾಯ್ತು? ನಾನು ಯಾರಿಗೂ ಹೇಳಿರಲಿಲ್ಲ."

ಎಸೆನ್‌ಕುಲ್‌ನ ಮೈಯಿಂದ ಒಂದು ಚಳಿಗಾಲದ ಕಲ್ಲಿದ್ದಲು ಇಳಿದಂತಾಯಿತು. ಹೊರಗೆ ಬಂದ ಜೂರಾ ಸುದ್ದಿ ಕೇಳಿ, ಬಕೆಟ್ಟು ಕೆಳಗಿಟ್ಟು, ಮದುವೆಯಾದ ಹದಿನೈದು ವರ್ಷದಲ್ಲಿ ಮೊದಲ ಸಲ ಗಂಡನನ್ನು ಮೆಚ್ಚುಗೆಯಿಂದ ನೋಡಿದಳು. "ಸಂತೆ ಅಂತ ಸುಳ್ಳು ಹೇಳಿದೆಯಲ್ಲ, ಗುಟ್ಟಿನ ಮನುಷ್ಯ! ಇಷ್ಟೊಂದು ಬುದ್ಧಿ ಯಾವಾಗ ಬಂತು ನಿನಗೆ?"

ಬುದ್ಧಿವಂತ ಡಿಕ್ಕಿಯ ಕಡೆ ತಿರುಗಿದ. ಅಣ್ಣ ತಮ್ಮ ಇಬ್ಬರೂ ಸೇರಿ ಪೆಟ್ಟಿಗೆ ಎಳೆದರು. ಜೂರಾ ಕೈಗೂಡಿಸಿದಳು. ಅದು ಕೂದಲೆಳೆಯಷ್ಟೂ ಅಲ್ಲಾಡಲಿಲ್ಲ. ಸಾದಿರ್ ಉಸ್ತಾ ಕೈ ಕತ್ತರಿಸಿಕೊಳ್ಳುವ ಅಗತ್ಯವಿರಲಿಲ್ಲ.

"ಕಾರನ್ನೇ ಒಡೆಯಬೇಕು," ಎಂದ ಶೇರ್‌ಗಾಜಿ, ಖುಷಿಯಲ್ಲೇ.

"ಹಾಗಾದ್ರೆ ಆಲೂಗಡ್ಡೆ?" ಎಂದಳು ಜೂರಾ.

ಅವರಿಬ್ಬರೂ ಸುತ್ತಿಗೆ ಹುಡುಕಲು ಒಳಗೆ ಹೋದರು. ಬಾತ್ಮಾ ಅಜ್ಜಿ ಖಾಲಿ ಗಂಟು ಕೊಡವಿಕೊಂಡು ತನ್ನ ಮನೆಯ ಕಡೆ ಹೊರಟಳು.

"ಅಜ್ಜಿ," ಎಂದ ಎಸೆನ್‌ಕುಲ್ ಹಿಂದಿನಿಂದ, "ಪೆಟ್ಟಿಗೆ ಯಾತಕ್ಕೆ ಅಂತ ನಾನು ನಿನಗೆ ಹೇಳೇ ಇರಲಿಲ್ಲ."

"ಹೇಳೋದೇನು? ನಿನ್ನ ಹುಲ್ಲಟ್ಟದ ಮೇಲೆ ಎರಡು ಕರಿ ತಟ್ಟೆ ಇದೆಯಲ್ಲ, ನಡುವೆ ತಗ್ಗಾಗಿ, ಮೆತ್ತಗೆ? ನನ್ನ ಚುಕ್ಕಿ ಕೋಳಿ ಒಂದು ತಿಂಗಳಿಂದ ಅದರಲ್ಲೇ ಮೊಟ್ಟೆ ಇಡ್ತಿದೆ. ದಿನಾ ಹತ್ತಿ ಎತ್ಕೊಂಡು ಬರ್ತೀನಿ." ಅಜ್ಜಿ ಒಂದು ಕಣ್ಣು ಮುಚ್ಚಿದಳು. "ಈಗ ಕಾವಿಗೆ ಕೂತಿದೆ. ಮೂರು ವಾರ ಮುಟ್ಟಬೇಡ, ಆಯ್ತಾ?"

ಅವಳು ಹೋದ ಮೇಲೆ ಎಸೆನ್‌ಕುಲ್ ಒಬ್ಬನೇ ಕಾರಿನ ಹಿಂದೆ ನಿಂತ. ಹಿತ್ತಾಳೆಯ ಜಾಲರಿಗಳು ಸಂಜೆಯ ಬೆಳಕಿನಲ್ಲಿ ಮಿನುಗುತ್ತಿದ್ದವು. ಒಳಗಿನಿಂದ ಶೇರ್‌ಗಾಜಿ ಏನೋ ಗುನುಗುವುದು ಕೇಳಿಸುತ್ತಿತ್ತು. ಅವನು ಹಾಡಿದ್ದನ್ನು ಈ ಮನೆಯಲ್ಲಿ ಯಾರೂ ಕೇಳಿರಲಿಲ್ಲ.

ಎಸೆನ್‌ಕುಲ್ ನಿಟ್ಟುಸಿರಿಟ್ಟು ಡಿಕ್ಕಿಯ ಮುಚ್ಚಳ ಹಾಕಿದ. ಬಿಗಿಯಾಗಿ ಕೂತ ಪೆಟ್ಟಿಗೆಯೂ ಅಪ್ಪಟ ಉಣ್ಣೆಯೂ ಆ ಸದ್ದನ್ನು ಹಿಡಿದು ಮರಳಿಸಿದವು:

ದುಮ್.

ಅದು ನೇರವಾಗಿ ಎದೆಗೂಡಿಗೆ ಇಳಿಯಿತು. ಅವನು ಆ ಕಡೆ ಈ ಕಡೆ ನೋಡಿದ. ಯಾರೂ ಇರಲಿಲ್ಲ. ಮುಚ್ಚಳ ತೆರೆದು ಇನ್ನೊಮ್ಮೆ ಹಾಕಿದ.