ದಿಲೀಪ ಜತ್ತನ್ನನ ಸಾಕ್ಷಿ

ಕೆನ್ಯಾದಿಂದ ವಾಪಸು ಬಂದು ಮೂರು ದಿನವಾದರೂ ದಿಲೀಪ ಜತ್ತನ್ನನ ಉಗುರಿನ ಸಂದಿಯ ನೀಲಿ ಬಣ್ಣ ಹೋಗಿರಲಿಲ್ಲ. ಆದಿತ್ಯವಾರದ ರಗಳೆಯೆಲ್ಲ ಶುರುವಾದದ್ದು ಆ ಉಗುರಿನಿಂದಲೇ.

ಕಲ್ಯಾಣದ ಕನ್ನಡ ಕ್ರೈಸ್ತ ಸಭೆಯಿಂದ ಐದಾರು ಮಂದಿ ಸುವಾರ್ತಾ ಸೇವೆಗೆಂದು ಕೆನ್ಯಾಕ್ಕೆ ಹೋಗಿದ್ದರು. ಹಾಡು ಬಲ್ಲವರು ಹಾಡಿದರು, ಪ್ರಸಂಗ ಬಲ್ಲವರು ಪ್ರಸಂಗ ಮಾಡಿದರು. ವಾಶಿಯ ಆಫೀಸೊಂದರಲ್ಲಿ ಗುಮಾಸ್ತನಾಗಿದ್ದ ದಿಲೀಪನಿಗೆ ಎರಡೂ ಬಾರದು. ಹಾಗಾಗಿ ಕೈಗೊಂದು ಬ್ರಶ್ ಕೊಟ್ಟು ಹಳ್ಳಿಯ ಶಾಲೆಯ ಗೋಡೆಯೆದುರು ನಿಲ್ಲಿಸಿದರು. ಪಾಪ, ಬಾಯಿ ಮುಚ್ಚಿಕೊಂಡು ಬಣ್ಣ ಹೊಡೆದ.

ಹೋಗಿ ಬಂದವರಲ್ಲಿ ಒಬ್ಬರು ಸಂಜೆಯ ಆರಾಧನೆಯಲ್ಲಿ ಎದ್ದು ನಿಂತು ಸಾಕ್ಷಿ, ಅಂದರೆ ತಮ್ಮ ಅನುಭವ, ಹೇಳುವುದು ಸಭೆಯ ಪದ್ಧತಿ. ಈ ಸಲ ಮೈಕು ದಿಲೀಪನಿಗೆ! ಮನೆಯಲ್ಲಿ ಹೆಂಡತಿ ಪ್ರಫುಲ್ಲಾ, ಆಫೀಸಿನಲ್ಲಿ ಸಾಹೇಬರು, ಲೋಕಲ್ ರೈಲಿನಲ್ಲಿ ಭಜನಾ ಮಂಡಳಿ. ಅವನ ಮಾತನ್ನು ಕೊನೆಯವರೆಗೆ ಕೇಳಿದವರು ಹುಟ್ಟಿದಂದಿನಿಂದ ಯಾರೂ ಇಲ್ಲ. ಕೆನ್ಯಾದಿಂದ ಹೊರಡುವ ದಿನ ಆ ಶಾಲೆಯಲ್ಲಿ ನಡೆದದ್ದೊಂದು ಅವನ ಎದೆಯಲ್ಲಿ ಕೂತಿತ್ತು. ಅದನ್ನು ನಾಲ್ಕು ಜನರೆದುರು ಹೇಳಿ ಮುಗಿಸದೆ ಅವನಿಗೆ ಅನ್ನ ಸೇರುವಂತಿರಲಿಲ್ಲ.

ಆದಿತ್ಯವಾರ ಬೆಳಿಗ್ಗೆ ಡೊಂಬಿವಲಿಯ ತನ್ನ ಐದು ಮಾಳಿಗೆಯ ಹೌಸಿಂಗ್ ಸೊಸೈಟಿಯಲ್ಲಿ ಹಾಲಿನ ಪ್ಯಾಕೆಟ್ ಎತ್ತಿಕೊಳ್ಳಲು ಬಾಗಿದವನ ಕೈಯನ್ನು ಎದುರು ಬಾಗಿಲಿನ ಪುಂಡರೀಕಾಕ್ಷ ರಾಯರು ನೋಡಿಬಿಟ್ಟರು. ರಾಯರದು ಸ್ಟೇಷನ್ ಹತ್ತಿರ ಉಡುಪಿ ಹೋಟೆಲು. ಸೊಸೈಟಿಗೆ ಸೆಕ್ರೆಟರಿಯೂ ಅವರೇ.

"ಉಗುರಿಗೆ ಎಂತ ಆಯ್ತು ಜತ್ತನ್ನರೇ?"

"ಪೇಂಟ್, ರಾಯರೇ. ಆಫ್ರಿಕಾದಲ್ಲಿ ಒಂದು ಶಾಲೆಗೆ ಹೊಡೆದೆವು. ಕೊನೇ ದಿನ ಎಂತ ಆಯ್ತು ಅಂದ್ರೆ..."

"ವಿಮಾನದಲ್ಲಿ ಕರ್ಕೊಂಡು ಹೋಗಿ ಪೇಂಟ್ ಹೊಡೆಸಿದ್ರಾ?" ರಾಯರ ಕಣ್ಣು ಅರಳಿತು. ವಿಮಾನ ಹತ್ತಿಸಿ ಒಯ್ಯುವ ಪೇಂಟರ್ ಎಂದ ಮೇಲೆ ಅವನು ಸಾಮಾನ್ಯನಲ್ಲ ಎಂದು ಅವರು ಅಲ್ಲೇ ತೀರ್ಮಾನಿಸಿದರು.

ರಾಯರ ಕಷ್ಟವೂ ಸಣ್ಣದಲ್ಲ. ಮಗಳು ನಿಶಾಳನ್ನು ನೋಡಲು ಠಾಣೆಯಿಂದ ಹುಡುಗನ ಕಡೆಯವರು ಅಂದೇ ಮಧ್ಯಾಹ್ನದ ಮೇಲೆ ಬರುವವರು. ಪೇಂಟರ್ ಹುಲಗಪ್ಪ ಮೆಟ್ಟಿಲಿನ ಗೋಡೆಯನ್ನು ಅರ್ಧ ಕೆರೆದು, ಭಾವನ ಮದುವೆಯೆಂದು ಊರಿಗೆ ಹೋದವನು ಫೋನ್ ಎತ್ತುತ್ತಿಲ್ಲ. ಗೋಡೆ ಕಜ್ಜಿ ಹಿಡಿದ ನಾಯಿಯ ಬೆನ್ನಿನ ಹಾಗೆ ಕಾಣುತ್ತಿತ್ತು. ಬಣ್ಣದ ಡಬ್ಬಿಗಳು ಮಾತ್ರ ಅಲ್ಲೇ ಸಾಲಾಗಿ ಕೂತಿದ್ದವು.

"ಸಂಜೆ ನನ್ನ ಸಾಕ್ಷಿ ಉಂಟು ರಾಯರೇ," ಎಂದ ದಿಲೀಪ.

"ಸಂಜೆ ಅಲ್ವಾ? ಈಗ ಬೆಳಿಗ್ಗೆ. ನಿಮ್ಮ ಬೈಬಲಿನಲ್ಲೇ ಉಂಟಂತಲ್ಲ, ನೆರೆಯವನನ್ನು ಪ್ರೀತಿಸು ಅಂತ? ನೀವು ಸಮುದ್ರ ದಾಟಿ ಹೋಗಿ ಹೊಡೆದು ಬಂದಿರಿ. ನಾನು ಎದುರು ಬಾಗಿಲು. ನನಗಿಂತ ಹತ್ತಿರದ ನೆರೆಯವ ನಿಮಗೆ ಯಾರು ಮಾರಾಯ್ರೆ?"

ದಿಲೀಪ ಹಳೆಯ ಅಂಗಿ ಹುಡುಕಲು ಒಳಗೆ ಹೋದ.

"ಫ್ಯಾನ್ ಒರೆಸಿ ಅಂದ್ರೆ ನಿಮಗೆ ಸೊಂಟ ನೋವು," ಎಂದಳು ಪ್ರಫುಲ್ಲಾ. "ಊರವರ ಏಣಿ ಹತ್ತಲಿಕ್ಕೆ ಎಲ್ಲಿಂದ ಬಂತು ಸೊಂಟ?"

ಏಣಿ ಹಿಡಿಯಲು ಮೂರನೇ ಮಾಳಿಗೆಯ ಮಧ್ವರಾಜ ಬಂದ. ಹಿಡಿದದ್ದು ಒಂದೇ ಕೈಯಲ್ಲಿ. ಇನ್ನೊಂದರಲ್ಲಿ ಚಹಾದ ಲೋಟ. ಬಾಯಿ ಮಾತ್ರ ಪೂರ್ತಿ ಬಿಡುವಾಗಿತ್ತು. "ಮೇಲೆ ಬಿಟ್ಟಿತು. ಅಲ್ಲಲ್ಲ, ಅದರ ಮೇಲೆ. ಆಫ್ರಿಕಾದಲ್ಲಿ ಹೀಗೇ ಹೊಡೆದದ್ದಾ?"

ಸಂಜೆಗೆ ಅಭ್ಯಾಸವಾದೀತೆಂದು ದಿಲೀಪ ಏಣಿಯ ಮೇಲಿಂದಲೇ ಶುರು ಮಾಡಿದ. "ಮಧ್ವರಾಜಣ್ಣ, ಕೊನೇ ದಿನ ಆ ಮಕ್ಕಳು..."

"ಸಿಂಹ ನೋಡಿದ್ರಾ?"

"ಇಲ್ಲ."

"ಮತ್ತೆ ಎಂತಕ್ಕೆ ಹೋದದ್ದು?"

ರಾಯರ ಹೆಂಡತಿ ಪ್ರಭಾ ಬನ್ಸ್ ತಂದಾಗ ಅವರಿಗೂ ಹೇಳಲು ನೋಡಿದ. "ಅಲ್ಲಿ ಕುಚ್ಚಲಕ್ಕಿ ಸಿಕ್ತದಾ?" ಎಂದು ಅವರು ಕೇಳಿದರು. ಸಿಗುವುದಿಲ್ಲ ಎಂದಾಗ ಅಯ್ಯೋ ಪಾಪ ಎಂದು ಇನ್ನೊಂದು ಬನ್ಸ್ ಹಾಕಿದರು. ನಿಶಾ ಬಾಗಿಲಿಂದ ಇಣುಕಿ, "ಅಂಕಲ್, ಯೇ ಗ್ರೀನ್ ಥೋಡಾ ಹಾಸ್ಪಿಟಲ್ ಜೈಸಾ ನಹೀ ಲಗ್ ರಹಾ?" ಎಂದು ಗೋಡೆಯ ಹಸಿರನ್ನು ಆಸ್ಪತ್ರೆಗೆ ಹೋಲಿಸಿ ಒಳಗೆ ಹೋದಳು.

ಹೊಡೆಯುವುದಾದರೂ ಸುಲಭ, ಹೊಡೆದದ್ದನ್ನು ಕಾಯುವುದು ಯಾರು? ಲಿಫ್ಟ್ ಕೆಟ್ಟಿತ್ತು. ಇಡೀ ಸೊಸೈಟಿ ಅದೇ ಮೆಟ್ಟಿಲಲ್ಲಿ ಹತ್ತಿ ಇಳಿಯಬೇಕು, ಹತ್ತುವವರೆಲ್ಲ ಗೋಡೆಗೆ ಕೈ ಕೊಟ್ಟೇ ಹತ್ತಬೇಕು. ಮರಾಠಿಯವರು ಬಂದರೆ "ರಂಗ್ ಓಲಾ ಆಹೇ, ಹಾತ್ ಲಾವೂ ನಕಾ!" ಎಂದು ಕೂಗಿದ. ಕೊರಿಯರಿನವನು ಬಂದರೆ "ಭೈಯಾ, ಗೀಲಾ ಹೈ, ಗೀಲಾ!" ಎಂದ. ನಮ್ಮವರು ಬಂದರೆ "ಮುಟ್ಟಬೇಡಿ ಮಾರಾಯ್ರೆ, ಹಸಿ ಉಂಟು!" ಎಂದು ಬೊಬ್ಬೆ ಹಾಕಿದ. ಕೆರೆದ ಗೋಡೆಯ ಧೂಳು ಬೇರೆ ಗಂಟಲಿಗೆ ಹೋಗಿ, ಊಟದ ಹೊತ್ತಿಗೆ ಅವನ ಸ್ವರ ತುಕ್ಕು ಹಿಡಿದ ಗೇಟಿನಂತಾಗಿತ್ತು.

ಹುಡುಗನ ಕಡೆಯವರು ಹೇಳಿದ ಹೊತ್ತಿಗಿಂತ ಮೊದಲೇ ಬಂದರು. ಹುಡುಗನ ಅಪ್ಪ ದಪ್ಪ ಮನುಷ್ಯ, ಬಿಳಿ ಅಂಗಿ. ಎರಡನೇ ಮಾಳಿಗೆಗೆ ಬರುವಷ್ಟರಲ್ಲಿ ಏದುಸಿರು ಬಿಟ್ಟು, ಸುಧಾರಿಸಿಕೊಳ್ಳಲೆಂದು ಗೋಡೆಗೆ ಒರಗಲು ಹೊರಟರು. ದಿಲೀಪ ಇದ್ದಬದ್ದ ಉಸಿರೆಲ್ಲ ಕೂಡಿಸಿ ಮೂರೂ ಭಾಷೆಯಲ್ಲಿ ಒಟ್ಟಿಗೆ ಕಿರುಚಿದ. ಅಷ್ಟೇ. ಅವರು ಒರಗಿಯೂ ಆಗಿತ್ತು, ಇವನ ಸ್ವರ ಹೋಗಿಯೂ ಆಗಿತ್ತು.

ಪ್ರಭಾ ಬಾಯಿಗೆ ಸೆರಗು ಇಟ್ಟುಕೊಂಡರು. ರಾಯರ ಮುಖ ಇಂಗು ತಿಂದ ಮಂಗನ ಹಾಗಾಯಿತು. ಹುಡುಗನ ಅಪ್ಪ ಕತ್ತು ತಿರುಗಿಸಿ ಬೆನ್ನಿನ ಹಸಿರು ನೋಡಿಕೊಂಡು, ಹೊಟ್ಟೆ ಕುಣಿಸಿ ನಕ್ಕುಬಿಟ್ಟರು. "ಬೀಗರ ಮನೆಯ ಬಣ್ಣ ಮೊದಲೇ ಹತ್ತಿತಲ್ಲ ರಾಯರೇ! ಇನ್ನು ಮಾತುಕತೆ ಎಂತಕ್ಕೆ?" ಆ ನಗುವಿನಲ್ಲೇ ಸಂಬಂಧ ಕುದುರಿತು.

ಸಂಜೆ ಲೋಕಲಿಗೆ ಮೆಗಾಬ್ಲಾಕ್, ಹಳಿ ರಿಪೇರಿಯೆಂದು ರೈಲೇ ಇಲ್ಲ. ರಾಯರು ಖುಷಿಯಲ್ಲಿ, "ನೀವು ಬನ್ನಿ, ನಾನೇ ಬಿಡ್ತೇನೆ," ಎಂದು ದಿಲೀಪ, ಪ್ರಫುಲ್ಲಾ ಇಬ್ಬರನ್ನೂ ತಮ್ಮ ಕಾರಿನಲ್ಲಿ ಕಲ್ಯಾಣಕ್ಕೆ ಕರೆದೊಯ್ದರು. ಬಟ್ಟೆ ಬದಲಿಸಲು ಹೊತ್ತಿರಲಿಲ್ಲ. ತಲೆಗೂದಲಲ್ಲಿ ಹಸಿರು, ಅಂಗಿಯಲ್ಲಿ ಹಸಿರು. ದಾರಿಯುದ್ದಕ್ಕೂ ಬಿಸಿನೀರು ಕುಡಿದರೂ ಗಂಟಲಿನಿಂದ ಒಂದು ಅಕ್ಷರ ಹೊರಡಲಿಲ್ಲ.

"ಸಹೋದರ ದಿಲೀಪರು ಈಗ ಸಾಕ್ಷಿ ಹೇಳುವರು," ಎಂದರು ಸಭಾಪಾಲಕ ಯತಿನ್ ಕರ್ಕಡ.

ದಿಲೀಪ ಮೈಕಿನೆದುರು ನಿಂತ. ಇಡೀ ಸಭೆ ತನ್ನನ್ನೇ ನೋಡುತ್ತಿದೆ. ಇವತ್ತು ಅಡ್ಡ ಬಾಯಿ ಹಾಕುವವರು ಒಬ್ಬರೂ ಇಲ್ಲ. ಬಾಯಿ ತೆರೆದ. ಗಾಳಿ ಬಂತು.

ಹೇಳಲು ಇದ್ದದ್ದು ಇಷ್ಟೇ. ಕೊನೆಯ ದಿನ ಅವನು ಗೋಡೆಯನ್ನು ಕನ್ನಡಿಯಂತೆ ಮುಗಿಸಿ ಕೈ ತೊಳೆಯಲು ಹೋಗಿದ್ದ. ಬಂದು ನೋಡಿದರೆ ಮಕ್ಕಳು ಉಳಿದ ಬಣ್ಣದಲ್ಲಿ ಅಂಗೈ ಅದ್ದಿ ಗೋಡೆಯ ತುಂಬ ಒತ್ತಿದ್ದರು. ಹಾಳಾಯಿತೆಂದು ಗದರಲು ಓಡಿದವನ ಕೈಯನ್ನು ಒಂದು ಪುಟ್ಟ ಹುಡುಗಿ ಹಿಡಿದು, ಬಣ್ಣದಲ್ಲಿ ಅದ್ದಿ, ತಮ್ಮ ಕೈಗಳ ನಡುವೆ ಒತ್ತಿಸಿಬಿಟ್ಟಳು. ಏನೋ ಕೊಟ್ಟು ಬರುತ್ತೇನೆಂದು ಹೋದವನಿಗೆ ವಿಮಾನದಲ್ಲಿ ಕೂತಾಗ ತಿಳಿದದ್ದು, ಕೊಟ್ಟದ್ದು ಆ ಮಕ್ಕಳು ಎಂದು. ಜನ್ಮದಲ್ಲಿ ಯಾರೂ ಅವನನ್ನು ಹಾಗೆ ತಮ್ಮೊಳಗೆ ಸೇರಿಸಿಕೊಂಡಿರಲಿಲ್ಲ.

ನೆನೆದು ಅವನ ಕಣ್ಣು ತುಂಬಿತು. ಸ್ವರ ಇಲ್ಲದಿದ್ದರೇನು, ಕೈ ಇದೆಯಲ್ಲ! ಗಾಳಿಯಲ್ಲಿ ಬ್ರಶ್ ಆಡಿಸಿದ. ಎದೆ ಮುಟ್ಟಿಕೊಂಡ. ಕೊನೆಗೆ ಆ ಅಂಗೈಯನ್ನು ಎತ್ತಿ ಸಭೆಗೆ ತೋರಿಸಿದ.

ಆ ಸಭೆಯಲ್ಲಿ ಕೈ ಎತ್ತುವುದಕ್ಕೆ ಇರುವ ಅರ್ಥ ಒಂದೇ. ಸೇವೆಗೆ ಯಾರು ಸಿದ್ಧ ಎಂದು ಸಭಾಪಾಲಕರು ಕೇಳಿದಾಗ ಒಪ್ಪಿದವರು ಎತ್ತುವುದು.

ಯತಿನ್ ಅಯ್ಯನವರು ಎದ್ದು ಅವನ ಪಕ್ಕಕ್ಕೆ ಬಂದರು. "ನೋಡಿರಿ, ಪ್ರಿಯರೇ! ನಾನು ಇನ್ನೂ ಕೇಳಿಯೇ ಇಲ್ಲ, ಸಹೋದರರು ಕೈ ಎತ್ತಿಬಿಟ್ಟರು. ಕ್ರಿಸ್ಮಸ್ಸಿಗೆ ಮೊದಲು ನಮ್ಮ ದೇವಾಲಯಕ್ಕೆ ನಾನೇ ಬಣ್ಣ ಹೊಡೆಯುತ್ತೇನೆ ಅನ್ನುತ್ತಿದ್ದಾರೆ!"

ಚಪ್ಪಾಳೆಯೋ ಚಪ್ಪಾಳೆ. ದಿಲೀಪ ಗಾಬರಿಯಿಂದ ಎರಡೂ ಕೈ ಎತ್ತಿ ಅಲ್ಲ ಅಲ್ಲ ಎಂದು ಆಡಿಸಿದ.

"ಎರಡೂ ಕೈ!" ಅಯ್ಯನವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಒಳಗೂ, ಹೊರಗೂ!"

ಅಷ್ಟರಲ್ಲಿ ಕೊನೆಯ ಬೆಂಚಿನಿಂದ ಪುಂಡರೀಕಾಕ್ಷ ರಾಯರು ಎದ್ದು ಕೈಮುಗಿದರು. "ಅಯ್ಯನವರೇ, ನಡುವೆ ಮಾತಾಡುದಕ್ಕೆ ಕ್ಷಮಿಸಿ. ನಿಮ್ಮದಕ್ಕಿಂತ ಮೊದಲು ನಮ್ಮ ಮೆಟ್ಟಿಲಿಗೆ ಎರಡನೇ ಕೋಟ್ ಆಗಬೇಕು. ಬರುವ ಆದಿತ್ಯವಾರವೇ ನಿಶ್ಚಿತಾರ್ಥ."

ಇದನ್ನು ಕೇಳಿ ದಿಲೀಪ ಮೈಕನ್ನು ಎರಡೂ ಕೈಯಲ್ಲಿ ಹಿಡಿದ. ಹೊಟ್ಟೆಯೊಳಗಿನ ಉಸಿರನ್ನೆಲ್ಲ ಮೇಲಕ್ಕೆ ಎಳೆದು, ಸಾಧ್ಯವೇ ಇಲ್ಲ ಎಂದು ಹೇಳಲು ಬಾಯಿ ತೆರೆದ. ಮತ್ತೆ ಗಾಳಿಯೇ ಬಂತು. ಅವನ ಪರವಾಗಿ ಇಡೀ ಸಭೆ ಒಕ್ಕೊರಲಿನಿಂದ ಆಮೆನ್ ಎಂದಿತು.